ಸೋಗಿನ ಮಾರಿ, ನಮ್ಮ ಮಾರಿ

ನಮ್ಮ ಕಡೆ ಮುಖಕ್ಕೆ ಮಾರಿ ಅಂತಾರೆ. ಬೆಳಿಗ್ಗೆ ಎದ್ದು ತೊಳೆಯುವುದೂ ಮಾರಿ, ಮಾನ ಹೋದಾಗ ನಾಲ್ಕು ಜನಕ್ಕೆ ತೋರಿಸಲಾಗದ್ದೂ ಮಾರಿ. ಊರ ಹೊರಗೆ ಕೂತ ತಾಯಿಗೂ ಅದೇ ಹೆಸರು. ಮುಖ, ಮಾನ, ದೇವರು ಮೂರೂ ಒಂದೇ ಮಾತಿನಲ್ಲಿ ಸೇರಿಕೊಂಡಿರುವ ಸೀಮೆಯಲ್ಲಿ ಮುಖವಾಡದ ವಿಚಾರ ಹುಡುಗಾಟದ ವಿಚಾರವಲ್ಲ.

ಹೋದ ವರ್ಷ ನಾವು ಒಂದಿಷ್ಟು ಗೆಳೆಯರು ಸೇರಿ ಒಂದು ಮುಖವಾಡ ಮಾಡಲು ಹೊರಟೆವು. ಹಾಸ್ಟೆಲ್ ಹುಡುಗರ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ನಿಂತಿತ್ತು. ಮನವಿ ಬರೆದು ಬರೆದು ಕೈ ಸೋತಿತ್ತು. ಧರಣಿಯ ದಿನ ನಾಯಕರೊಬ್ಬರ ಮುಖವಾಡ ಹಾಕಿಕೊಂಡು, ಅವರು ಚುನಾವಣೆಯಲ್ಲಿ ಕೊಟ್ಟ ಮಾತುಗಳನ್ನೇ ಜನರ ಮುಂದೆ ಓದೋಣ ಎಂದು ಗೊತ್ತಾಯಿತು. ಆ ನಾಯಕ ಬೇರೆ ಯಾರೂ ಅಲ್ಲ, ನಮ್ಮವನೇ. ನಮ್ಮಂಥದೇ ಕೇರಿಯಿಂದ ಎದ್ದುಹೋದವನು. ನಮ್ಮ ಹೆಗಲ ಮೇಲೆ ಕೂತು, ನಮ್ಮ ಘೋಷಣೆ ಕೂಗಿಸಿಕೊಂಡು ಗೆದ್ದವನು. ಹೆಸರು ಬೇಡ, ಇಂಥವರು ಒಬ್ಬರಲ್ಲ.

ಜಗಳ ಎದ್ದದ್ದು ಆಗಲೇ.

"ಗೌಡರ ಮಾರಿ ಮಾಡ್ರಿ, ದೇಸಾಯರ ಮಾರಿ ಮಾಡ್ರಿ, ನಾನಽ ಹಾಕ್ಕೊಂಡು ಕುಣೀತೀನಿ. ನಮ್ಮವನ್ನ ನಾವಽ ನಗಿಗೀಡು ಮಾಡಿದ್ರ ಊರಾಗಿನ ಮಂದಿಗೆ ಹಬ್ಬ ಆಕ್ಕೈತಿ" ಅಂದ ಒಬ್ಬ. ಅವನು ನಮಗಿಂತ ಹಿರಿಯ. ಚಳವಳಿಯಲ್ಲಿ ಏಟು ತಿಂದವನು, ಜೈಲು ಕಂಡವನು.

"ಹಂಗಾದ್ರ ಅಣ್ಣಾ, ನಮ್ಮವ ಅಂದಕೂಡ್ಲೆ ಅವ ಮಾಡಿದ್ದೆಲ್ಲಾ ಖರೇನಾ?" ಅಂದ ಇನ್ನೊಬ್ಬ ಹುಡುಗ.

ಆ ರಾತ್ರಿ ವಾದ ಮುಗಿಯಲಿಲ್ಲ. ಈ ಬರಹ ಅದೇ ವಾದದ ಮುಂದುವರಿಕೆ. ನಾಯಕನ ಮುಖವನ್ನು ಅಣಕಿಸುವ ಹಕ್ಕು ಯಾರದು? ಅದಕ್ಕೆ ಎಲ್ಲೆ ಉಂಟೇ? ಅಣಕಿಸುವವನ ಸ್ವಂತ ಮುಖದ ಗತಿ ಏನು?

ನಾಯಕರ ಮುಖವಾಡಗಳಲ್ಲಿ ಎರಡು ಜಾತಿ. ಒಂದು ಅಣಕಿಸುವುದು, ಇನ್ನೊಂದು ಭಜಿಸುವುದು. ಅಮೆರಿಕದಲ್ಲಿ ೧೯೭೦ರ ದಶಕದಲ್ಲಿ ಅಧ್ಯಕ್ಷ ನಿಕ್ಸನ್ನನ ರಬ್ಬರ್ ಮುಖವಾಡ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಮೂಗು ಉದ್ದ, ಕೆನ್ನೆ ಜೋಲು. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದು ಆತ ೧೯೭೪ರ ಆಗಸ್ಟ್‌ನಲ್ಲಿ ಗಾದಿ ಬಿಟ್ಟ. ಅಲ್ಲಿಯ ಹ್ಯಾಲೋವೀನ್ ಹಬ್ಬಕ್ಕೆ ಜನ ಭೂತ ಪಿಶಾಚಿಗಳ ವೇಷ ಹಾಕುತ್ತಾರೆ. ಆ ಭೂತಗಳ ಸಾಲಿನಲ್ಲಿ ದೇಶ ಆಳಿದವನ ಮುಖವೂ ನಿಂತಿತು. ಈಗ ಹಳೆಯ ವಸ್ತು ಕೂಡಿಸುವವರು ಅಂಥ ಮುಖವಾಡಗಳನ್ನು ಹುಡುಕಿ ಕೊಳ್ಳುತ್ತಾರೆ. ಆಳುವವನನ್ನು ನೋಡಿ ನಗುವ ಧೈರ್ಯ ದೊಡ್ಡದು, ಒಪ್ಪುತ್ತೇವೆ. ಆದರೆ ಅದು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ನಗು ಎಂಬುದನ್ನೂ ಮರೆಯಬಾರದು. ಹಬ್ಬ ಮುಗಿದ ಮೇಲೆ ನಗು ಪೆಟ್ಟಿಗೆ ಸೇರುತ್ತದೆ; ವ್ಯವಸ್ಥೆ ಇದ್ದಲ್ಲೇ ಇರುತ್ತದೆ.

ನಮ್ಮ ದೇಶದಲ್ಲಿ ಹೆಚ್ಚು ಓಡಿದ್ದು ಎರಡನೆಯ ಜಾತಿಯದು. ೨೦೦೭ರ ಗುಜರಾತ್ ಚುನಾವಣೆಯಲ್ಲಿ ನರೇಂದ್ರ ಮೋದಿಯವರ ಮುಖವಾಡ ಹಾಕಿದ ಜನ ಸಭೆಗಳಲ್ಲಿ ತುಂಬಿದರು. ೨೦೧೪ರ ಹೊತ್ತಿಗೆ ಅದು ದೇಶದ ತುಂಬ ಹಬ್ಬಿತು. ಬೇರೆ ಪಕ್ಷದವರೂ ಕಲಿತರು. ಅಣಕದ ಮುಖವಾಡದಲ್ಲಿ ಮೂಗು ದೊಡ್ಡದಾಗುತ್ತದೆ. ಭಜನೆಯ ಮುಖವಾಡದಲ್ಲಿ ನಾಯಕನ ಸುಕ್ಕು ಮಾಯವಾಗುತ್ತದೆ.

ಅಂಥದೊಂದು ಸಭೆಯನ್ನು ನಾವು ಗಂಗಾವತಿಯಲ್ಲಿ ನೋಡಿದೆವು. ಬಿಸಿಲು ನೆತ್ತಿ ಸೀಳುತ್ತಿತ್ತು. ಟ್ರ್ಯಾಕ್ಟರುಗಳಲ್ಲಿ ಕೇರಿ ಹುಡುಗರನ್ನು ತುಂಬಿಕೊಂಡು ಬಂದಿದ್ದರು. ಕೂಲಿ ಇಷ್ಟು, ಊಟದ ಪೊಟ್ಟಣ ಒಂದು ಎಂದು ಮೊದಲೇ ಮಾತಾಗಿತ್ತು. ಇಳಿಯುತ್ತಲೇ ಒಬ್ಬೊಬ್ಬನ ಕೈಗೂ ರಟ್ಟಿನ ಮುಖವಾಡ ಕೊಟ್ಟರು. ಹಿಂದೆ ರಬ್ಬರ್ ದಾರ. ಕಣ್ಣಿಗೆ ಎರಡು ತೂತು, ಬಾಯಿಗೆ ತೂತಿಲ್ಲ. ನೀರು ಕುಡಿಯಬೇಕಾದರೆ ನಾಯಕನನ್ನು ಹಣೆಯ ಮೇಲೆ ಎತ್ತಬೇಕು. ವೇದಿಕೆಯ ಕಡೆಯಿಂದ ನೋಡಿದರೆ ಮೈದಾನದ ತುಂಬ ಒಂದೇ ಮುಖ. ನಾಯಕ ಕೈ ಬೀಸಿದ. ಅವನು ಕೈ ಬೀಸಿದ್ದು ತನಗೆ ತಾನೇ. ಹಸಿದವನ ಒಂದು ಮುಖವೂ ಅವನ ಕಣ್ಣಿಗೆ ಬೀಳದ ಹಾಗೆ ವ್ಯವಸ್ಥೆಯಾಗಿತ್ತು.

ಸಭೆ ಮುಗಿದ ಮೇಲೆ ಅವೇ ಮುಖಗಳು ಕಾಲಡಿಯಲ್ಲಿ ಬಿದ್ದಿದ್ದವು. ಕೆಲವು ಕೇರಿಗೂ ಬಂದವು. ಮರುದಿನ ಬೆಳಿಗ್ಗೆ ಒಬ್ಬ ಮುದುಕಿ ಒಲೆ ಹೊತ್ತಿಸಲು ಒಂದನ್ನು ಹರಿದು ತುರುಕಿದಳು. "ಛಲೋ ಉರೀತಾನವ, ಇದೊಂದಕ್ಕರ ಬಂದ" ಅಂದಳು. ನಾವು ಕೇಳಿದ ರಾಜಕೀಯ ವಿಡಂಬನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ.

ಬೇರೆಯವರ ಮುಖ ಹೊತ್ತು ಕೂಳು ಸಂಪಾದಿಸುವುದು ನಮ್ಮ ಜನಕ್ಕೆ ಹೊಸದಲ್ಲ. ಹಗಲುವೇಷದವರನ್ನು ನೋಡಿ. ಬುಡ್ಗ ಜಂಗಮರು ಮುಖಕ್ಕೆ ಬಣ್ಣ ಬಳಿದು, ಕಿರೀಟ ಕಟ್ಟಿ, ರಾಮನೋ ರಾವಣನೋ ಹನುಮಪ್ಪನೋ ಆಗಿ ಹಾಡಹಗಲು ಊರಿನ ಓಣಿ ಓಣಿ ತಿರುಗುತ್ತಾರೆ. ವೇಷದಲ್ಲಿರುವಾಗ ಜನ ಕೈ ಮುಗಿಯುವುದನ್ನು ನಾವು ಚಿಕ್ಕವರಿದ್ದಾಗ ಕಂಡಿದ್ದೇವೆ. ಸಂಜೆ ಬಾವಿಯ ಹತ್ತಿರ ಬಣ್ಣ ತೊಳೆದು ನಿಂತ ಅದೇ ರಾಮನನ್ನು "ದೂರ ಸರಿಯೋ" ಅಂದದ್ದನ್ನೂ ಕಂಡಿದ್ದೇವೆ. ದೇವರ ಮುಖಕ್ಕೆ ಸಿಕ್ಕ ಗೌರವದಲ್ಲಿ ಒಂದು ಕಾಳಿನಷ್ಟೂ ಹೊತ್ತವನ ಮುಖಕ್ಕೆ ಸಿಗಲಿಲ್ಲ. ಗಂಗಾವತಿಯ ಸಭೆಯ ಹುಡುಗರೂ ಅದೇ ಹಗಲುವೇಷದವರು. ದೇವರು ಬದಲಾಗಿದ್ದಾನೆ, ಅಷ್ಟೇ.

ವೇಷ ಎಲ್ಲರಿಗೂ ಒಂದೇ ಅಲ್ಲ. ದ್ಯಾಮವ್ವನ ಕತೆ ನಮ್ಮ ಸೀಮೆಯ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಕೇರಿಯ ಹುಡುಗನೊಬ್ಬ ಬ್ರಾಹ್ಮಣನ ಸೋಗು ಹಾಕಿ ಬ್ರಾಹ್ಮಣರ ಮಗಳನ್ನು ಮದುವೆಯಾದ. ಗುಟ್ಟು ಬಯಲಾದಾಗ ಅವಳು ದೇವಿಯಾದಳು, ಅವನು ಕೋಣನಾದ. ಜಾತ್ರೆಯಲ್ಲಿ ಕಡಿಯುತ್ತಿದ್ದ ಕೋಣ ಅವನೇ ಎಂಬುದು ಕತೆಯ ತಾತ್ಪರ್ಯ. ಕೆಳಗಿನವ ಮೇಲಿನವನ ವೇಷ ಹಾಕಿದ್ದಕ್ಕೆ ಶಿಕ್ಷೆ ಒಂದು ಜನ್ಮಕ್ಕೆ ಮುಗಿಯಲಿಲ್ಲ. ವರ್ಷ ವರ್ಷ ತಲೆ ಕೊಡಬೇಕಾಯಿತು.

ಈಗ ಇದನ್ನೇ ತಿರುವಿ ನೋಡಿ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಬುಡ್ಗ ಜಂಗಮರ ಜೊತೆ ಒಂದೇ ಸಾಲಿನಲ್ಲಿ 'ಬೇಡ ಜಂಗಮ' ಎಂಬ ಹೆಸರಿದೆ. ಆ ಹೆಸರಿನಲ್ಲಿ ಮೇಲಿನ ಜಂಗಮರು ಪ್ರಮಾಣಪತ್ರ ಪಡೆಯುತ್ತಾರೆಂಬ ತಕರಾರು ಕರ್ನಾಟಕದಲ್ಲಿ ದಶಕಗಳಿಂದ ನಡೆದಿದೆ. ಕೋರ್ಟಿನಲ್ಲೂ ನಡೆದಿದೆ, ಬೀದಿಯಲ್ಲೂ ನಡೆದಿದೆ. ಹಗಲುವೇಷ ಹಾಕಿ ಭಿಕ್ಷೆ ಬೇಡುವವರ ಹೆಸರನ್ನೇ ವೇಷ ಮಾಡಿಕೊಂಡು ಮೀಸಲು ಕುರ್ಚಿಗೆ ಕೈ ಹಾಕುವುದೆಂದರೆ ಏನು? ಕೆಳಗಿನವ ಮೇಲಿನ ವೇಷ ಹಾಕಿದರೆ ಕೋಣ. ಮೇಲಿನವ ಕೆಳಗಿನ ವೇಷ ಹಾಕಿದರೆ ಕುರ್ಚಿ. ಮುಖವಾಡದ ನ್ಯಾಯ ಇಷ್ಟು ಸರಳ.

ಆದ್ದರಿಂದ ಮುಖವಾಡದ ಮಾತಿಗಿಂತ ಮೊದಲು ಮುಖದ ಮಾತು ಆಡಬೇಕು. ಕೊಪ್ಪಳ ಜಿಲ್ಲೆಯಲ್ಲಿ ನಮ್ಮ ಮುಖದ ಬೆಲೆ ಏನು? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ೨೦೧೪ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕಿಡಿ ಹತ್ತಿದ್ದು ಗಂಗಾವತಿಯ ಸಿನಿಮಾ ಥಿಯೇಟರಿನ ಜಗಳದಿಂದ. ಆದರೆ ಅದರ ಬೆನ್ನಿಗೆ ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ ಹಳೆಯ ಉರಿ ಇತ್ತು. ಹತ್ತು ವರ್ಷದ ಮೇಲೆ, ೨೦೨೪ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಸೆಷನ್ಸ್ ನ್ಯಾಯಾಲಯ ೧೦೧ ಮಂದಿಯನ್ನು ತಪ್ಪಿತಸ್ಥರೆಂದಿತು. ೯೮ ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುಪಾಲು ಜನಕ್ಕೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಅದೇ ೨೦೨೪ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆಂದು ಹೋದ ದಲಿತ ಯುವಕ ಕತ್ತರಿಯ ಇರಿತದಿಂದ ಸತ್ತ. ಕತ್ತರಿ ಹಿಡಿದವನೂ ದೊರೆಯಲ್ಲ, ದುಡಿದು ತಿನ್ನುವವನೇ. ಜಾತಿಯ ಏಣಿ ಹೀಗೆಯೇ ಕೆಲಸ ಮಾಡುತ್ತದೆ. ಪ್ರತಿಯೊಬ್ಬನಿಗೂ ತನ್ನ ಕೆಳಗೆ ಒಂದು ತಲೆ ತೋರಿಸುತ್ತದೆ.

ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ೨೦೨೧ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಕೂಸು ಹುಟ್ಟುಹಬ್ಬದ ದಿನ ಹನುಮಪ್ಪನ ಗುಡಿಯೊಳಗೆ ಓಡಿಹೋಯಿತು. ಗುಡಿ ಶುದ್ಧಿಗೆಂದು ಮನೆಯವರಿಗೆ ದಂಡ ಹಾಕಿದರು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ನೋಡಿ, ಪ್ಲಾಸ್ಟಿಕ್ಕಿನ ಹನುಮಪ್ಪನ ಮಾರಿ ಹಾಕಿಕೊಂಡ ಕೂಸುಗಳು ಅಪ್ಪಂದಿರ ಹೆಗಲ ಮೇಲೆ ಕೂತು ಬರುತ್ತವೆ. ಹನುಮಪ್ಪನ ಮುಖವಾಡ ಹಾಕಿದ ಕೂಸು ಮುದ್ದು. ತನ್ನದೇ ಮುಖ ಹೊತ್ತು ಹನುಮಪ್ಪನ ಹತ್ತಿರ ಹೋದ ಕೂಸು ಮೈಲಿಗೆ.

ಸ್ವಂತ ಮುಖಕ್ಕೆ ಕತ್ತರಿ ಮುಟ್ಟಿಸಿಕೊಳ್ಳಲು ಪ್ರಾಣ ಒತ್ತೆ ಇಡಬೇಕಾದ ಸೀಮೆಯಲ್ಲಿ ನಾಯಕನ ಮುಖ ಮಾತ್ರ ಪುಕ್ಕಟೆ ಸಿಗುತ್ತದೆ. ಈ ಮಾತನ್ನು ನಾವು ಮರೆಯಬಾರದು.

ಹಾಗಾದರೆ ಮುಖವಾಡವನ್ನೇ ಬಿಟ್ಟುಬಿಡಬೇಕೇ? ಹಾಗಲ್ಲ. ನಮ್ಮ ಹಿರಿಯರು ಬಿಡಲಿಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂತು. ಇಡೀ ಬದುಕು ತೊಗಲುಗೊಂಬೆ ಆಡಿಸಿದ ತಾಯಿ. ಆ ಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ಅಂತ ಒಬ್ಬ ಕೋಡಂಗಿ, ಅವನ ಹೆಂಡತಿ ಬಂಗಾರಕ್ಕ. ರಾಮ ಲಕ್ಷ್ಮಣರು ಆಡಲಾಗದ ಮಾತನ್ನು ಕಿಳ್ಳೇಕ್ಯಾತ ಆಡುತ್ತಾನೆ. ಊರ ದೊಡ್ಡವರು ಮುಂದೆ ಕೂತಿದ್ದರೂ ಅವನ ನಾಲಗೆಗೆ ಲಗಾಮಿಲ್ಲ. ಆಡಿಸುವವರು ಪರದೆಯ ಹಿಂದೆ, ಮಾತು ತೊಗಲಿನ ಬಾಯಲ್ಲಿ. ಹೊಡೆಯುವುದಾದರೆ ತೊಗಲಿಗೆ ಹೊಡೆಯಬೇಕು. ಬಾಯಿ ಇಲ್ಲದವರು ಬಾಯಿ ಮಾಡಿಕೊಂಡ ಬಗೆ ಅದು. ದೊರೆಗಳಿಗೆ ಇಂಥ ಬಾಯಿ ಎಂದೂ ಹಿಡಿಸುವುದಿಲ್ಲ. ೧೯೭೫ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ವ್ಯಂಗ್ಯಚಿತ್ರಕ್ಕೇ ಮೀಸಲಾಗಿದ್ದ ಶಂಕರ್ ಅವರ ವಾರಪತ್ರಿಕೆ ಆ ದಿನಗಳಲ್ಲೇ ನಿಂತಿತು.

ಆದರೆ ಕಿಳ್ಳೇಕ್ಯಾತನ ಆಕಾರವನ್ನೂ ಒಮ್ಮೆ ನೋಡಿ. ಕಪ್ಪು ಮೈ, ದಪ್ಪ ತುಟಿ, ಕೆದರಿದ ತಲೆ, ಡೊಳ್ಳು ಹೊಟ್ಟೆ. ಅವನು ಮಾತಾಡುವ ಮೊದಲೇ ಜನ ನಗುತ್ತಾರೆ. ಯಾಕೆ ನಗುತ್ತಾರೆ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಹೊಳೆಯಲಿಲ್ಲ. ನಾವೇ ಮುಖವಾಡ ಮಾಡಲು ಕೂತಾಗ ಹೊಳೆಯಿತು.

ಕೊಪ್ಪಳದ ಹತ್ತಿರ ಕಿನ್ನಾಳ ಇದೆ. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ, ದೇವರ ಮೂರ್ತಿ ಮಾಡುತ್ತಾರೆ. ಹುಣಿಸೆ ಬೀಜದ ಅಂಟು, ಮರದ ಹೊಟ್ಟು ಕಲಸಿ ಸಂದು ತುಂಬಿ, ಮೇಲೆ ಬಣ್ಣ ಕೊಡುತ್ತಾರೆ. ನಮಗೆ ಮರ ಕೆತ್ತಲು ಬರುವುದಿಲ್ಲ. ಹಳೆ ಪೇಪರು ನೆನೆಸಿ, ಹುಣಿಸೆ ಬೀಜದ ಅಂಟು ಕಾಸಿ, ಒಂದು ಗಡಿಗೆಯ ಮೇಲೆ ಪದರ ಪದರ ಹಚ್ಚಿದೆವು. ಒಣಗಿದ ಮೇಲೆ ಒಬ್ಬ ಗೆಳೆಯ ಬಣ್ಣಕ್ಕೆ ಕೂತ. ನಾಯಕನನ್ನು ಅಣಕಿಸಬೇಕಲ್ಲ, ಬಣ್ಣ ಇನ್ನಷ್ಟು ಕಪ್ಪು ಮಾಡಿದ. ತುಟಿ ಊದಿಸಿದ. ಮೂಗು ಅಗಲ ಮಾಡಿದ. ಹಲ್ಲು ಮುಂದೆ ತಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಅವನ ಅವ್ವ ಕೂಲಿಯಿಂದ ಬಂದಳು. ಬುಟ್ಟಿ ಇಳಿಸಿ ಮುಖವಾಡವನ್ನು ಒಂದು ಗಳಿಗೆ ನೋಡಿದಳು.

"ಯಾಕೋ ಯಪ್ಪಾ, ಇದು ನಿಮ್ಮಪ್ಪನ ಮಾರಿ ಆಗೇತಲ್ಲ?"

ಯಾರೂ ಮಾತಾಡಲಿಲ್ಲ. ಅವಳು ಹೇಳಿದ್ದು ಖರೆ. ಬಿಸಿಲಲ್ಲಿ ಸುಟ್ಟು ಸತ್ತ ಅವನ ಅಪ್ಪನ ಮುಖವೇ ಅದು. ನಮ್ಮೆಲ್ಲರ ಅಪ್ಪಂದಿರ ಮುಖವೂ ಅದೇ. ಕುರೂಪ ಅಂದರೆ ಏನು ಎಂದು ಬರೆಯಲು ಹೋದರೆ ನಮ್ಮ ಕೈ ತಾನಾಗಿ ನಮ್ಮವರ ಮುಖವನ್ನೇ ಬರೆದಿತ್ತು. ರಾಕ್ಷಸನ ಮುಖವಾಡ ಕಪ್ಪು, ದೇವರ ಮುಖವಾಡ ಬಂಗಾರ. ಈ ಪಾಠವನ್ನು ನಮಗೆ ಯಾವ ಮಾಸ್ತರೂ ಹೇಳಿಕೊಟ್ಟಿರಲಿಲ್ಲ, ಆದರೂ ಕಲಿತಿದ್ದೆವು. ಪದವಿ ಪಡೆದ ಮೊದಲ ತಲೆಮಾರಿನವರು ನಾವು. ಪದವಿ ನಮ್ಮ ಕಣ್ಣಿಗೆ ಹತ್ತಿದ ಈ ಪೊರೆಯನ್ನು ತೆಗೆದಿರಲಿಲ್ಲ. ಓದು ಬಾರದ ತಾಯಿ ಒಂದು ಮಾತಿನಲ್ಲಿ ತೆಗೆದಳು.

ಆ ಮುಖವಾಡವನ್ನು ನೀರಲ್ಲಿ ನೆನೆಸಿ ಹಿಸುಕಿ ಮತ್ತೆ ಮಾಡಿದೆವು. ಈ ಸಲ ಬಣ್ಣ ಇದ್ದ ಹಾಗೇ, ಮೂಗು ತುಟಿ ಇದ್ದ ಹಾಗೇ. ಕಿವಿ ಮಾತ್ರ ಇಡಲಿಲ್ಲ. ನಮ್ಮ ಮಾತು ಕೇಳಿಸಿಕೊಳ್ಳದಿರುವುದು ಅವನು ಹುಟ್ಟಿನಿಂದ ತಂದದ್ದಲ್ಲ; ಕುರ್ಚಿಯಲ್ಲಿ ಕೂತ ಮೇಲೆ ಕಲಿತದ್ದು. ನಗುವುದಾದರೆ ಅದನ್ನು ನೋಡಿ ನಗಬೇಕು.

ಇಲ್ಲಿ ನಮಗೆ ಒಂದು ಗೆರೆ ಸಿಕ್ಕಿತು. ಹುಟ್ಟನ್ನು ಅಣಕಿಸುವುದು ಬೇರೆ, ಅಧಿಕಾರವನ್ನು ಅಣಕಿಸುವುದು ಬೇರೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಹುಡುಗರು ವೇದಿಕೆ ಹತ್ತಿ ಬಾಬಾಸಾಹೇಬರ ಹೆಸರನ್ನು ತಿರುಚಿ, ಮೀಸಲಾತಿಯನ್ನು, ದಲಿತರನ್ನು ನಗೆಯಾಡಿದರು. ಅದನ್ನು ವಿಡಂಬನೆ ಎನ್ನಬೇಡಿ. ಅದು ಊರ ಕಟ್ಟೆಯ ಹಳೆಯ ಬೈಗುಳವೇ, ಹೊಸ ಬಟ್ಟೆ ತೊಟ್ಟು ಬಂದದ್ದು. ನಮ್ಮ ಕಡೆಯಿಂದ ಮಾತು ಎದ್ದರೆ ಇದೇ ನಾಡು ಏನು ಮಾಡಿತು ಎಂಬುದೂ ನೆನಪಿರಲಿ. ೧೯೭೩ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಅವರು ನಕ್ಕರೆ ತಮಾಷೆ, ನಾವು ಟೀಕಿಸಿದರೆ ಅಪರಾಧ!

ಇನ್ನು ಕಷ್ಟದ ಪ್ರಶ್ನೆ. ಮೇಲೆ ಹೇಳಿದ ಶಂಕರ್ ೧೯೪೯ರಲ್ಲಿ ಒಂದು ಚಿತ್ರ ಬರೆದಿದ್ದರು. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಬಾಬಾಸಾಹೇಬರು ಕೂತಿದ್ದಾರೆ. ಹಿಂದೆ ನೆಹರೂ ಚಾಟಿ ಎತ್ತಿದ್ದಾರೆ. ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿದ್ದ ಆ ಚಿತ್ರದ ಮೇಲೆ ೨೦೧೨ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಚಾಟಿ ಹುಳುವಿಗೆ ಎಂದು ವಿವರಿಸಿದವರಿದ್ದರು. ಇರಬಹುದು. ಆದರೆ ತಲೆಮಾರುಗಳಿಂದ ಚಾಟಿ ತಿಂದ ಬೆನ್ನಿಗೆ ಚಾಟಿಯ ಚಿತ್ರ ಬರೀ ಮಸಿಯಲ್ಲ. ಆ ಸಿಟ್ಟು ಸುಳ್ಳು ಎಂದು ಹೇಳುವವರ ಜೊತೆ ನಾವಿಲ್ಲ.

ಹಾಗಂತ ನಮ್ಮ ನಾಯಕರೆಲ್ಲ ನಗೆಗೆ ನಿಲುಕದ ದೇವರು ಎನ್ನುವವರ ಜೊತೆಯೂ ನಾವಿಲ್ಲ. ಆ ಚಿತ್ರ ಬಂದ ೧೯೪೯ರಲ್ಲೇ, ನವೆಂಬರ್ ೨೫ರಂದು, ಸಂವಿಧಾನ ಸಭೆಯಲ್ಲಿ ನಿಂತು ಬಾಬಾಸಾಹೇಬರು ಎಚ್ಚರಿಸಿದರು: ರಾಜಕಾರಣದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ. ಅದು ಬೇರೆಯವರಿಗೆ ಮಾತ್ರ ಹೇಳಿದ ಮಾತಲ್ಲ. ನಮಗೂ ಹೇಳಿದ್ದು. ಏಪ್ರಿಲ್ ೧೪ಕ್ಕೆ ನಮ್ಮ ಮಕ್ಕಳು ಅಂಬೇಡ್ಕರ್ ಮುಖವಾಡ ಹಾಕಿಕೊಂಡು ಮೆರವಣಿಗೆಯಲ್ಲಿ ಹೋಗುವಾಗ ನಮಗೂ ಎದೆ ಉಬ್ಬುತ್ತದೆ. ಆದರೆ ಕೇಳಿಕೊಳ್ಳಬೇಕು: ಆ ಕೂಸಿಗೆ ಕನ್ನಡಕದ ರಟ್ಟು ಕೊಟ್ಟೆವೋ, ಕನ್ನಡಕದ ಹಿಂದಿನ ಕಣ್ಣು ಕೊಟ್ಟೆವೋ?

ಧರಣಿಯ ದಿನ ಕಿವಿ ಇಲ್ಲದ ಆ ಮುಖವಾಡ ಹಾಕಿಕೊಂಡು ನಮ್ಮಲ್ಲೊಬ್ಬ ಭರವಸೆಗಳನ್ನು ಓದಿದ. ಹುಡುಗರು ನಕ್ಕರು. ಹಿರಿಯ ಗೆಳೆಯ ಬಂದಿದ್ದ. ಮುಖವಾಡದ ಹತ್ತಿರ ಬರಲಿಲ್ಲ, ದೂರದಲ್ಲಿ ನಿಂತಿದ್ದ. ಅವನು ಹೆದರಿದ್ದೇ ಆಯಿತು. ರಸ್ತೆಯ ಆಚೆಯ ಚಹಾದಂಗಡಿಯವ ನಗುತ್ತ, "ಇವರ ಮಂದೀನಽ ಹಿಂಗ, ಕುರ್ಚಿ ಕೊಟ್ರ ಹಣೆಬರಾ ಇಷ್ಟ" ಅಂದ. ಅವನು ನಕ್ಕದ್ದು ನಾಯಕನನ್ನು ನೋಡಿ ಅಲ್ಲ, ನಮ್ಮನ್ನೆಲ್ಲ ನೋಡಿ.

ಆಗ ಓದುತ್ತಿದ್ದವ ಮುಖವಾಡ ತೆಗೆದ. ತನ್ನ ಬೆವತ ಮುಖ ಹೊತ್ತು ರಸ್ತೆ ದಾಟಿ ಹೋಗಿ ಕೇಳಿದ: "ಅಣ್ಣಾರ, ನಿಮ್ಮ ಅಂಗಡ್ಯಾಗ ನಮ್ಮ ಕಪ್ಪು ಎಲ್ಲಿ ಇಟ್ಟೀರಿ?"

ನಗು ನಿಂತಿತು.

ಮನವಿ ತೆಗೆದುಕೊಳ್ಳಲು ಬಂದ ಅಧಿಕಾರಿ ಮುಖವಾಡ ತೋರಿಸಿ "ಇದನ್ನ ಮಾಡಿದೋರು ಯಾರು?" ಎಂದರು. ಪರದೆಯ ಹಿಂದೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಒಬ್ಬೊಬ್ಬರೂ ಹೆಸರು, ಊರು, ಕೇರಿ ಹೇಳಿದೆವು. ಹೇಳುವಾಗ ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ.

ನಾವು ಮುಟ್ಟಿದ ತೀರ್ಮಾನ ಇಷ್ಟು. ನಾಯಕನ ಮುಖವನ್ನು ಭಕ್ತಿಯಿಂದ ಹೊರಬಾರದು, ಕೂಲಿಗೂ ಹೊರಬಾರದು. ಅಣಕಿಸಲು ಹೊರಬಹುದು, ಅವನು ನಮ್ಮವನಾದರೂ ಹೊರಬಹುದು. ಆದರೆ ಅವನ ಹುಟ್ಟು, ಬಣ್ಣ, ತುಟಿ, ಕುಂಟುಗಾಲು ನಮ್ಮ ನಗೆಗೆ ಸಾಮಾನಾಗಬಾರದು. ಮತ್ತೆ, ಮುಖವಾಡ ತೆಗೆದ ಮೇಲೂ ಅದೇ ಮಾತನ್ನು ಅದೇ ಜಾಗದಲ್ಲಿ ನಿಂತು ಆಡುವಂತಿರಬೇಕು. ಇವತ್ತು ಹಾಗೆ ಆಡಲಾಗದವರು ಬಹಳ ಮಂದಿ ಇದ್ದಾರೆ. ಅವರು ಪರದೆಯ ಹಿಂದಿನಿಂದ ಆಡಲಿ, ಅದು ಅವರ ತಪ್ಪಲ್ಲ. ಆದರೆ ನಮ್ಮ ಹೋರಾಟ ಒಳ್ಳೆಯ ಮುಖವಾಡಕ್ಕಾಗಿ ಅಲ್ಲ. ಸಂಗನಾಳದಲ್ಲಿ, ಮರಕುಂಬಿಯಲ್ಲಿ, ಮಿಯಾಪುರದಲ್ಲಿ ಬರಿ ಮಾರಿ ಹೊತ್ತು ಹಾಡಹಗಲು ನಡೆದುಹೋಗುವುದಕ್ಕಾಗಿ.

ವಿದ್ಯಾರ್ಥಿವೇತನ ಅರ್ಧ ಬಂದಿದೆ, ಅರ್ಧ ಬಾಕಿ ಇದೆ. ಹಿರಿಯ ಗೆಳೆಯ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಸಿಕ್ಕಾಗ ಇಷ್ಟೇ ಅಂದ: "ಮುಂದಿನ ಸಲ ಗೌಡರದೂ ಒಂದು ಮಾಡ್ರೆಪಾ. ಎರಡೂ ಜೋಡಿ ಇರ್ಲಿ."

ಮಾಡುತ್ತೇವೆ. ಹುಣಿಸೆ ಬೀಜ ನೆನೆಸಿಟ್ಟಿದ್ದೇವೆ.